ಒಂಬತ್ತನೇ ಅಡ್ಡರಸ್ತೆಯ ನುಡಿಮಾಪಕ

ಅಡುಗೆಮನೆಯ ಗೋಡೆಯಲ್ಲಿದ್ದ ನುಡಿಮಾಪಕ ಅಂಗೈಯಷ್ಟು ಅಗಲ. ಟಿವಿಯ ಸದ್ದು, ನೆಂಟರ ದನಿ ಬಿಟ್ಟು, ಮನೆಯವರು ಯಾವ ಭಾಷೆ ಎಷ್ಟು ಆಡುತ್ತಾರೆಂದು ಅದು ಎಣಿಸುತ್ತಿತ್ತು. ಬೀದಿಯಲ್ಲಿ ಯಾವ ಭಾಷೆ ಹೆಚ್ಚೋ ಅಲ್ಲಿನ ಮಕ್ಕಳಿಗೆ ಅದೇ ಭಾಷೆಯ ಶಾಲೆ ಎಂದು ನಿಯಮವಾಗಿ ಆರು ವರ್ಷವಾಗಿತ್ತು.

ಹುಬ್ಬಳ್ಳಿಯ ಹೊರವಲಯದ ಒಂಬತ್ತನೇ ಅಡ್ಡರಸ್ತೆಯಲ್ಲಿ ಇಂಗ್ಲಿಷು ಕೂದಲೆಳೆಯಷ್ಟು ಮುಂದಿತ್ತು. ಅಷ್ಟಕ್ಕೇ ಇಲ್ಲಿನ ಮನೆಗಳ ಬೆಲೆ ಹಿಂದಿನ ಬೀದಿಯ ಎರಡರಷ್ಟು. ಮಗಳು ಇಂಚರಳ ಓದಿಗಾಗಿಯೇ ಶೈಲಶ್ರೀ ಅಂಗಳವಿದ್ದ ಮನೆ ಮಾರಿ, ಗಂಡನೊಡನೆ ಇಲ್ಲಿಯ ಎರಡು ಕೋಣೆಗೆ ಬಂದಿದ್ದಳು. ಕೂಸಿಗಾಗ ಒಂದು ವರ್ಷ.

ಬಂದ ವಾರವೇ ಪಕ್ಕದ ಮನೆಯ ನೀಲಾಂಬಿಕಾ ಬಾಗಿಲಲ್ಲಿ ನಿಂತಿದ್ದರು.

"ಅಲ್ಲವ್ವಾ ತಂಗಿ, ನಿಮ್ಮ ಅಡಗಿಮನಿಯಿಂದ ಓಣಿ ಅಂಕಿ ಇಳ್ಯಾಕತ್ತೈತಿ. ಇಂಗ್ಲಿಷ್ ಬಂದ್ರ ಆಡ್ರಿ, ಇಲ್ಲಾಂದ್ರ ಬಾಯಿಗೆ ಬೀಗ ಹಾಕ್ರಿ. ಸುಮ್ಮಿದ್ರ ಮಷೀನ್ ಏನೂ ಬರಕೊಳ್ಳೂದಿಲ್ಲ. ನಾವೆಲ್ಲ ಹಂಗ ಇರೋದು!"

ಶೈಲಶ್ರೀಯ ಇಂಗ್ಲಿಷು ಹರಕುಮುರುಕು. ಬೀಗ ಹಾಕಿಕೊಂಡಳು. ಊಟಕ್ಕೆ ತಟ್ಟೆಯ ಮೇಲೆ ಒಂದು ತಟ್ಟು, ಸ್ನಾನಕ್ಕೆ ಎರಡು. ಜಡೆ ಹೆಣೆಯುವಾಗ ಬಾಯಿಗೆ ಬಂದ ಮುದ್ದುಮಾತನ್ನು ಮಗಳ ನೆತ್ತಿಗೆ ಮುತ್ತಿಟ್ಟು ನುಂಗಿದಳು. ಮಗಳೂ ಮಾತು ಕಲಿಯಲಿಲ್ಲ. ಶಾಲೆಗೆ ಹೋದರೆ ತಾನಾಗಿ ಬರುತ್ತದೆ ಎಂದು ಶೈಲಶ್ರೀ ಅಂದುಕೊಂಡಳು.

ಮೂರು ವರ್ಷದ ಮೇಲೆ ಒಂದು ಬೆಳಿಗ್ಗೆ, ಮಾಪಕವನ್ನು ಕಂಡುಹಿಡಿದ ಡಾ. ವಿಭಾವರಿ ದೇಸಾಯಿಯವರೇ ಬಂದರು. "ಇದು ಕೆಟ್ಟಿರಬೇಕ್ರಿ. ಬರೇ ಸೊನ್ನಿ ತೋರಸ್ತದ."

ಬಿಚ್ಚಿ ನೋಡಿದರು. ಕೆಟ್ಟಿರಲಿಲ್ಲ.

"ಈ ಓಣಿಯ ಹದಿನೆಂಟು ಮನಿಯೊಳಗ ಹದಿನಾಲ್ಕು ಹಿಂಗ ಅದಾವು," ಎಂದರು. "ಮಕ್ಕಳಿಗೆ ತಿಳಿಯೋ ಭಾಷಾದಾಗ ಪಾಠ ಸಿಗಲಿ ಅಂತ ಇದನ್ನ ಮಾಡಿದ್ದೆ, ಅವ್ವಾ."

ಬಿಚ್ಚಿಟ್ಟ ಮಾಪಕ ಕಿವುಡಾಗಿದೆ ಎಂಬ ಧೈರ್ಯದಲ್ಲಿ ಶೈಲಶ್ರೀ ಪಿಸುಗುಟ್ಟಿದಳು: "ಹಂಗಾದ್ರೂ ಇಂಗ್ಲಿಷ್ ಸಾಲ್ಯಾಗ ಸೀಟು ಸಿಗತೈತಲ್ರೀ, ಮೇಡಂ?"

ದೇಸಾಯಿಯವರು ಮಾಪಕವನ್ನು ಗೋಡೆಗೆ ಸಿಕ್ಕಿಸಿ, ಇಂಚರಳ ಮುಂದೆ ಮೊಣಕಾಲೂರಿದರು. "ನಿನ್ನ ಹೆಸರೇನವ್ವಾ?" ಕನ್ನಡದಲ್ಲಿ ಕೇಳಿದರು, ಇಂಗ್ಲಿಷಿನಲ್ಲಿ ಕೇಳಿದರು. ಮಗು ಅವರ ತುಟಿ ಅಲುಗುವುದನ್ನೇ ಬೆರಗಿನಿಂದ ನೋಡಿತು. ಆಮೇಲೆ ತಟ್ಟೆ ಎತ್ತಿಕೊಂಡು ಗೋಡೆಗೆ ಐದು ಸಲ ಬಡಿಯಿತು.

ಐದು ತಟ್ಟನ್ನು ಶೈಲಶ್ರೀ ಎಂದೂ ಕಲಿಸಿರಲಿಲ್ಲ.

ನೀಲಾಂಬಿಕಾ ಅವರ ಮನೆಯಿಂದ, ಅವರ ಮೊಮ್ಮಗು ಇರಬೇಕು, ತಟ್ಟುಗಳು ಉತ್ತರವಾಗಿ ಬಂದವು. ಅದರಾಚೆಯ ಮನೆಯಿಂದಲೂ. ನಡುನಡುವೆ ಮಕ್ಕಳ ನಗು. ಓಣಿಯ ಉದ್ದಕ್ಕೂ ಏನೋ ಮಾತುಕತೆ ನಡೆದಿತ್ತು. ಅದರಲ್ಲಿ ಒಂದೂ ತಾಯಂದಿರಿಗೆ ತಿಳಿಯುವಂತಿರಲಿಲ್ಲ.

"ಇಂಚರಾ! ಬಾರವ್ವಾ, ನನ್ನ ಬಂಗಾರ, ಇಲ್ಲಿ ಬಾ!" ಶೈಲಶ್ರೀ ಕೂಗಿಯೇಬಿಟ್ಟಳು.

ಮಗಳು ತಿರುಗಲಿಲ್ಲ, ಗೋಡೆಗೆ ಕಿವಿ ಹಚ್ಚಿ ನಿಂತಿದ್ದಳು. ಮಾಪಕ ಮಾತ್ರ ಆ ಮಾತನ್ನು ಗುರುತು ಹಿಡಿಯಿತು. ಕನ್ನಡದ ಅಂಕಿ ಕೂದಲೆಳೆಯಷ್ಟು ಏರಿತು.