ಬಂಡ್ರಿಯ ಪರದೆ ಆರಿಸಿದ ಕೈ

ಕೆರೆಯ ಫೋಟೊ ಪರದೆಯ ಮೇಲೆ ಮೂಡಿತೋ ಇಲ್ಲವೋ, ಕಂಪ್ಯೂಟರ್ ಆರಿಹೋಯಿತು. ಎರಡನೆಯ ಸಲ!

ಬಂಡ್ರಿಯ ಶಾಲೆಯಲ್ಲಿ ಸೇರಿದ್ದ ಜನ ಗುಜುಗುಜು ಎಂದರು. ಅದಿರಿನ ಮಣ್ಣು ಕೆರೆಗೆ ಬೀಳುತ್ತಿರುವುದನ್ನು ತೋರಿಸಲು ಎಲೆಕ್ಟ್ರಾನಿಕ್ಸ್ ರಿಪೇರಿ ಮಾಡುವ ಗಂಗೋತ್ರಿ ಹೊಸಪೇಟೆಯಿಂದ ಕಂಪ್ಯೂಟರ್, ಪ್ರೊಜೆಕ್ಟರ್ ತಂದಿದ್ದಳು. ಜನರ ನಡುವೆ ನಿಂತೇ ಚಿತ್ರ ಬದಲಿಸಲೆಂದು, ಟಿವಿ ರಿಮೋಟಿನ ಸನ್ನೆ ಹಿಡಿಯುವ ಪುಟ್ಟ ರಿಸೀವರನ್ನು ತಾನೇ ಬೆಸುಗೆ ಹಾಕಿ ಕಂಪ್ಯೂಟರಿಗೆ ಜೋಡಿಸಿದ್ದಳು. ಸಭೆ ಕರೆದಿದ್ದ ಹಿರಿಯ ಜಡೆಪ್ಪನ ಮನೆಯಲ್ಲಿ, ಅವನ ರಿಮೋಟಿನಿಂದ ಹಿಂದಿನ ದಿನವೇ ಅದನ್ನು ಪರೀಕ್ಷಿಸಿದ್ದಳು; ಇಂದು ಅವಳ ಕೈಯಲ್ಲಿದ್ದದ್ದು ಅಂಥದೇ ಇನ್ನೊಂದು ರಿಮೋಟ್.

"ಮನ್ಯಾಗ ಮಾಡಿದ ಆಟಿಗಿ ಸಾಮಾನು ಅದು," ಲಾರಿ ಮಾಲೀಕ ಕೊಟ್ರಯ್ಯ ನಕ್ಕ. "ಸಭಾ ಮುಗಸ್ರಿ."

ಗಂಗೋತ್ರಿ ಬಾಗಿಲಿಗೆ ಅಡ್ಡ ನಿಂತಳು. "ಯಾರೂ ಏಳಬ್ಯಾಡ್ರಿ! ನನ್ನ ರಿಸೀವರ್ ಕೆಟ್ಟಿಲ್ಲ."

"ಬಿಡವ್ವ, ಕರೆಂಟ್ ಹೋಗಿರಬೇಕು," ಎಂದ ಜಡೆಪ್ಪ.

"ಹೋಗಿದ್ರ ಪ್ರೊಜೆಕ್ಟರ್ ಹೆಂಗ ಉರೀತೈತಿ, ಅಜ್ಜಾ?"

ಹೌದು, ಪರದೆಯ ಮೇಲೆ ನೀಲಿ ಬೆಳಕು ಹಾಗೇ ಇತ್ತು.

"ಕೊಟ್ರಯ್ಯನೋರ, ಆ ಮಣ್ಣು ನಿಮ್ಮ ಲಾರೀದಲ್ಲೇನು?"

"ಲಾರಿ ನಂದ. ಮುಚ್ಚಿಡೋದೇನೈತಿ? ಎಲ್ಲಿ ಸುರೀಬೇಕಂತ ಹೇಳೋನು ಬ್ಯಾರೆ."

"ಯಾರು?"

ಕೊಟ್ರಯ್ಯ ಮುಂದಿನ ಸಾಲಿನತ್ತ ಒಮ್ಮೆ ನೋಡಿ ಮುಖ ತಿರುಗಿಸಿದ.

ಚಿತ್ತವಾಡ್ಗಿಯ ಫೋಟೊಗ್ರಾಫರ್ ಯಲ್ಲೇಶ್ ಸಭೆಯ ಚಿತ್ರ ತೆಗೆಯುತ್ತಿದ್ದ. ಗಂಗೋತ್ರಿ ಅವನ ಡಿಜಿಟಲ್ ಕ್ಯಾಮೆರಾ ಇಸಿದುಕೊಂಡು, ಕಂಪ್ಯೂಟರ್ ಆರಿದ ಗಳಿಗೆಯಲ್ಲಿ ತೆಗೆದ ಕೊನೆಯ ಫೋಟೊ ನೋಡಿದಳು. ಆಮೇಲೆ ಜನರತ್ತ ತಿರುಗಿದಳು.

"ಕೆಟ್ಟ ಯಂತ್ರ ಫಕ್ಕನೆ ಸಾಯ್ತೈತಿ. ಇದು ಎರಡೂ ಸಲ ಕ್ರಮವಾಗಿ, ಎಲ್ಲಾ ಮುಚ್ಚಿ ಆರೈತಿ. ಅಂದ್ರ, ಯಾರೋ ಹೇಳಿದ್ದನ್ನ ಕೇಳೈತಿ. ಆರ್ಸೋ ಕೆಲಸ ರಿಮೋಟಿನ ಕೆಂಪು ಗುಂಡಿಗೆ ನಾನ ಕೊಟ್ಟಿದ್ದೆ. ನಾನು ಒತ್ತಿಲ್ಲ. ರಿಮೋಟಿನ ಬೆಳಕು ಕಣ್ಣಿಗೆ ಕಾಣಂಗಿಲ್ಲ. ಆದ್ರ ಕ್ಯಾಮೆರಾಕ್ಕ ಕಾಣ್ತೈತಿ!"

ಫೋಟೊದಲ್ಲಿ, ಮುಂದಿನ ಸಾಲಿನ ಒಂದು ಟವೆಲ್ಲಿನ ಅಂಚಿನಲ್ಲಿ ನೇರಳೆ ಚುಕ್ಕೆಯೊಂದು ಹೊಳೆಯುತ್ತಿತ್ತು.

"ಟವೆಲ್ ತೆಗೀರಿ, ಜಡೆಪ್ಪಜ್ಜಾ."

ಜಡೆಪ್ಪ ಕದಲಲಿಲ್ಲ. ಪಕ್ಕದಲ್ಲಿದ್ದ ಯಲ್ಲೇಶ್ ಟವೆಲ್ ಎಳೆದ. ರಿಮೋಟ್ ನೆಲಕ್ಕೆ ಬಿತ್ತು.

"ಮಣ್ಣು ರಾಶಿ ಹಾಕಾಕ ಕೆರಿ ದಂಡೀ ಹೊಲ ಬಾಡಿಗಿ ಕೊಟ್ಟೋರು ನೀವು. ಸಭಾ ಕರದಿದ್ದು ತಪ್ಪೆಲ್ಲ ಲಾರಿ ಮ್ಯಾಲೆ ಹಾಕಾಕ. ನಾನು ಹೊಲದ ಫೋಟೊನೂ ತಂದೀನಂತ ನಿನ್ನೆ ನಿಮ್ಮ ಮನ್ಯಾಗ ಪರೀಕ್ಷಾ ಮಾಡೋವಾಗ ನಿಮಗ ಗೊತ್ತಾತು, ಅದಕ್ಕ ರಿಮೋಟ್ ಮುಚ್ಚಿಟ್ಟು ತಂದ್ರಿ. ಹೌದಲ್ರಿ?"

"ಈ ಊರಾಗ ಮತ್ತ ಕಾಲಿಡ್ತೀಯಲ್ಲ, ನೋಡ್ಕೊಂತೀನಿ," ಜಡೆಪ್ಪ ಗುರುಗುಟ್ಟಿದ.

"ನಾಳೇನ ಬರ್ತೀನಿ. ನಾಡದ್ದೂ ಬರ್ತೀನಿ. ನೋಡ್ಕೊಳ್ರಿ."

ಆ ಕೆರೆಯ ನೀರನ್ನೇ ಎಮ್ಮೆಗಳಿಗೆ ಕುಡಿಸುತ್ತಿದ್ದ ಹೊಳೆಮ್ಮ ಎದ್ದು ಮುಂದೆ ಬಂದಳು. ಜಡೆಪ್ಪನಿಗೆ ಬೆನ್ನು ಹಾಕಿ, ಪರದೆಯ ಎದುರೇ ನೆಲದ ಮೇಲೆ ಕುಳಿತಳು.

"ಹಚ್ಚವ್ವ, ಹಚ್ಚು. ಯಾರು ಆರಿಸ್ತಾರ ನಾನೂ ನೋಡ್ತೀನಿ."