ರಿಮ್ಮಿನ ಹೊಳಪು

“ಬೇಕಂತಲೇ ಮಾಡಿದೀಯ! ಬೇಕಂತಲೇ!”

ಅಕ್ಕ ಗೇಟನ್ನು ಒದ್ದುಕೊಂಡು ಒಳಗೆ ಬಂದಳು. ಒಂದು ಕಾಲಿನ ಚಪ್ಪಲಿ ಎಲ್ಲೋ ಕಳೆದುಹೋಗಿತ್ತು. ಮೊಣಕಾಲಿನಿಂದ ಇಳಿದ ರಕ್ತ ಪಾದದವರೆಗೆ ಗೆರೆ ಎಳೆದಿತ್ತು. ಕಳ್ಳನನ್ನು ಹಿಡಿದು ತರುವವಳ ಹಾಗೆ ಅವಳು ಸೈಕಲಿನ ಕತ್ತು ಹಿಡಿದು ದರದರ ಎಳೆದು ತರುತ್ತಿದ್ದಳು.

ಮೆಟ್ಟಿಲ ಮೇಲೆ ಮುಖ ಊದಿಸಿಕೊಂಡು ಕೂತಿದ್ದ ಕಡ್ಡಿ ದಡಕ್ಕನೆ ಎದ್ದಳು. ತೆಳ್ಳಗಿದ್ದಾಳೆಂದು ಮನೆಯಲ್ಲಿ ಅವಳನ್ನು ಕಡ್ಡಿ ಎಂದೇ ಕರೆಯುತ್ತಿದ್ದರು. ಗೀರಿದರೆ ಸಾಕು, ಭಗ್ಗೆಂದು ಹತ್ತಿಕೊಳ್ಳುತ್ತಾಳೆ ಎಂದು ಅಕ್ಕ ರೇಗಿಸುತ್ತಿದ್ದಳು. ಇವತ್ತು ಗೀರುವ ಅಗತ್ಯವೂ ಇರಲಿಲ್ಲ.

“ನಾನೇನು ಮಾಡ್ದೆ?”

“ಬ್ರೇಕ್ ಹಾಳು ಮಾಡಿದೀಯ! ತಿರುವಿನಲ್ಲಿ ಎರಡೂ ಕೈಲಿ ಹಿಡಿದೆ, ನಿಲ್ಲಲೇ ಇಲ್ಲ. ಸೀದಾ ಹೋಗಿ ಗೋಡೆಗೆ ಗುದ್ದಿದೆ. ಹೋಗುವಾಗ ‘ಬಿದ್ದು ಬಾ’ ಅಂತ ಕೂಗಿದೆಯಲ್ಲ, ನಿನಗೆ ಗೊತ್ತಿತ್ತು!”

ಕೂಗಿದ್ದು ನಿಜ. ಬೀದಿಗೆಲ್ಲ ಕೇಳುವ ಹಾಗೆ ಕೂಗಿದ್ದಳು. ಯಾಕೆ ಕೂಗಬಾರದು? ಭಾನುವಾರ ಸೈಕಲ್ ತೊಳೆದವರಿಗೆ ಮಧ್ಯಾಹ್ನದವರೆಗೆ ಸೈಕಲ್ ಎಂದು ಮಾತಾಗಿತ್ತು. ಕಡ್ಡಿ ತಿಂಡಿ ತಿಂದ ಕೈಯಲ್ಲೇ ಶುರು ಮಾಡಿದ್ದಳು. ಸೈಕಲನ್ನು ತಲೆಕೆಳಗೆ ನಿಲ್ಲಿಸಿ, ಮಡ್‌ಗಾರ್ಡಿಗೆ ಮೆತ್ತಿದ್ದ ಕೆಸರನ್ನು ಕೆರೆದಳು. ಹಳೇ ಟೂತ್‌ಬ್ರಷ್ಷಿನಿಂದ ಚೈನಿನ ಹಲ್ಲುಜ್ಜಿದಳು. ಅಮ್ಮನ ಹೊಲಿಗೆ ಮಿಷನ್ನಿನ ಎಣ್ಣೆಯನ್ನು ಚೈನಿಗೆ ತೊಟ್ಟು ತೊಟ್ಟಾಗಿ ಬಿಟ್ಟಳು. ಎಲ್ಲ ಥಳಥಳ ಹೊಳೆಯುವ ಹೊತ್ತಿಗೆ ಅಕ್ಕ ಜಡೆ ಹಾರಿಸುತ್ತ ಬಂದು, “ಆಹಾ, ನನ್ನ ಕುದುರೆ ರೆಡಿ! ಒಂದೇ ರೌಂಡ್ ಕಣೇ” ಎಂದು ಹತ್ತಿ ಹೊರಟೇಬಿಟ್ಟಿದ್ದಳು.

ಒಳಗೆ ಮಿಷನ್ನಿನ ಸದ್ದು ನಿಂತಿತು. ಅಮ್ಮ ಕತ್ತಿಗೆ ಟೇಪ್ ಹಾಕಿಕೊಂಡೇ ಹೊರಗೆ ಬಂದಳು.

“ಮೊದಲು ಕಾಲು ತೊಳ್ಕೋ ಹೋಗು. ಏ ಕಡ್ಡಿ, ನಿಜ ಹೇಳು. ಬ್ರೇಕ್ ಮುಟ್ಟಿದ್ಯಾ?”

“ಇಲ್ಲ! ಮುಟ್ಟೇ ಇಲ್ಲ!”

“ಸುಳ್ಳಿ!” ನಲ್ಲಿಯ ಹತ್ತಿರದಿಂದ ಅಕ್ಕ ಕಿರುಚಿದಳು. “ಅಮ್ಮಾ, ಇನ್ನು ಮೇಲೆ ಇವಳಿಗೆ ಸೈಕಲ್ ಮುಟ್ಟೋಕೇ ಬಿಡಬೇಡ.”

“ಏನಾಯ್ತು ಅಂತ ಗೊತ್ತಾಗೋವರೆಗೂ ಇಬ್ಬರೂ ಮುಟ್ಟಬೇಡಿ,” ಎಂದು ಅಮ್ಮ ಒಳಗೆ ಹೋದಳು.

ಕಡ್ಡಿಯ ಕಿವಿಯ ತುದಿಗಳು ಕಾದವು. ತೊಳೆದದ್ದು ಅವಳು, ಓಡಿಸಿದ್ದು ಅಕ್ಕ, ಬೈಸಿಕೊಳ್ಳುವುದು ಮಾತ್ರ ಮತ್ತೆ ಅವಳು! ಕತೆಗಳಲ್ಲಾದರೆ ಇಂಥ ಹೊತ್ತಿಗೆ ಗಿಣಿಯೊಂದು ಹಾರಿಬಂದು ಸಾಕ್ಷಿ ಹೇಳುತ್ತದೆ. ಇಲ್ಲಿ ಕಾಂಪೌಂಡಿನ ಮೇಲೆ ಒಂದು ಕಾಗೆಯೂ ಇರಲಿಲ್ಲ.

“ಬ್ರೇಕ್ ಸರಿಯಾಗೇ ಇದೆ. ನಿನಗೇ ಓಡಿಸೋಕೆ ಬರಲ್ಲ. ನೋಡ್ತಿರು!”

ಅಮ್ಮನ ಮಾತು ಗಾಳಿಗೆ ಹೋಯಿತು. ಕಡ್ಡಿ ಹಾರಿ ಕೂತು ಅಂಗಳದಲ್ಲೇ ಪೆಡಲ್ ತುಳಿದಳು. ಬಲವಾಗಿ ಬ್ರೇಕ್ ಹಿಡಿದಳು. ಚಕ್ರಗಳು ಬೆಣ್ಣೆಯ ಮೇಲೆ ಜಾರಿದಂತೆ ಮುಂದೆ ಹೋದವು. ಬಕೆಟ್ಟು ಉರುಳಿತು, ಕೊಳೆ ನೀರು ಚೆಲ್ಲಿತು, ಕಡ್ಡಿ ಅದರ ನಡುವೆ ಧೊಪ್ಪೆಂದು ಕೂತಿದ್ದಳು.

“ನೋಡಿದೆ ನೋಡಿದೆ, ಚೆನ್ನಾಗಿ ಓಡಿಸ್ತೀಯ!” ಎಂದಳು ಅಕ್ಕ.

ಮುಂದಿನ ಚಕ್ರ ಕಡ್ಡಿಯ ಮೂಗಿನೆದುರೇ ಇನ್ನೂ ತಿರುಗುತ್ತಿತ್ತು. ರಿಮ್ಮು ಕನ್ನಡಿಯ ಹಾಗೆ ಮಿನುಗುತ್ತಿತ್ತು. ಬೆರಳಿಟ್ಟಳು. ಬೆರಳು ಜಾರಿತು. ರಿಮ್ಮನ್ನು ಎರಡು ಕಡೆಯಿಂದ ಕಚ್ಚಿ ಹಿಡಿಯಬೇಕಾದ ಬ್ರೇಕಿನ ರಬ್ಬರುಗಳೂ ಒದ್ದೆಯಾಗಿ, ಕಪ್ಪಗೆ ಹೊಳೆಯುತ್ತಿದ್ದವು.

ಚೈನಿಗೆ ಬಿಟ್ಟು ಮಿಕ್ಕ ಎಣ್ಣೆಯಲ್ಲಿ ಅವಳೇ ರಿಮ್ಮುಗಳನ್ನು ಒರೆಸಿದ್ದಳು. ಹೊಳಪು ಬಂತೆಂದು ಇನ್ನಷ್ಟು ಹಚ್ಚಿದ್ದಳು. ಎಷ್ಟು ಚೆಂದ ಕಂಡಿತ್ತು!

ಅವಳ ಕೋಪಕ್ಕೆ ಈಗ ಕೂರಲು ಜಾಗ ಸಿಗಲಿಲ್ಲ. ಹಾಗೆಂದು ಅದು ಎದ್ದು ಹೋಗಲೂ ಇಲ್ಲ.

“ರಿಮ್ಮಿಗೂ ಎಣ್ಣೆ ಹಚ್ಚಿದೆ,” ಎಂದಳು ನೆಲ ನೋಡುತ್ತ. “ಹೊಳೀಲಿ ಅಂತ. ಬೇಕಂತ ಅಲ್ಲ.”

“ರಿಮ್ಮಿಗಾ? ಬ್ರೇಕ್ ಹಿಡಿಯೋದೇ ಅಲ್ಲಿ ಕಣೇ, ದಡ್ಡಿ!”

“ನನಗೇನು ಗೊತ್ತು? ನೀನು ಯಾವತ್ತಾದ್ರೂ ಹೇಳಿಕೊಟ್ಟಿದ್ಯಾ? ನಿನಗೆ ಹತ್ತಿ ಓಡೋದು ಮಾತ್ರ ಗೊತ್ತು!”

ಅಕ್ಕ ನಲ್ಲಿಯ ಕಡೆ ತಿರುಗಿ ಮೊಣಕಾಲಿಗೆ ಇನ್ನಷ್ಟು ನೀರು ಎರಚಿಕೊಂಡಳು.

ಕಡ್ಡಿ ಬಕೆಟ್ಟಿಗೆ ಹೊಸ ನೀರು ತುಂಬಿಸಿ ಸೋಪು ಕದಡಿದಳು. ಸೈಕಲನ್ನು ಮತ್ತೆ ತಲೆಕೆಳಗು ಮಾಡಿ ರಿಮ್ಮುಗಳನ್ನು ಉಜ್ಜತೊಡಗಿದಳು. ಬೆಳಗ್ಗೆ ಹಾಡುತ್ತ ಉಜ್ಜಿದ್ದಳು, ಈಗ ಹಲ್ಲು ಕಚ್ಚಿಕೊಂಡು. ಸ್ವಲ್ಪ ಹೊತ್ತಿಗೆ ಅಕ್ಕ ಕುಂಟುತ್ತ ಬಂದು ಎದುರಿಗೆ ಕೂತಳು. ಉಪ್ಪುಕಾಗದದ ಚೂರಿನಿಂದ ಬ್ರೇಕಿನ ರಬ್ಬರುಗಳನ್ನು ಪರಪರ ತಿಕ್ಕಿದಳು. ಒಣಬಟ್ಟೆ ಬೇಕಾದಾಗ ಒಬ್ಬಳ ಕೈಯಿಂದ ಇನ್ನೊಬ್ಬಳು ಕಿತ್ತುಕೊಳ್ಳುತ್ತಿದ್ದಳು.

ಒರೆಸಿದ ಮೇಲೆ ಕಡ್ಡಿ ಮುಂದಿನ ಚಕ್ರವನ್ನು ತಿರುಗಿಸಿ ಬ್ರೇಕ್ ಒತ್ತಿದಳು. ಟಕ್! ನಿಂತಿತು.

“ನಾನು ಬೇಕಂತ ಮಾಡ್ಲಿಲ್ಲ,” ಎಂದಳು ಮತ್ತೆ.

“ಗೊತ್ತಾಯ್ತು ಬಿಡೇ. ಎಷ್ಟು ಸಲ ಹೇಳ್ತೀಯ?”

ಅಕ್ಕ ಹಿಂದಿನ ಬ್ರೇಕಿನ ಕಡೆ ಬಾಗಿದಳು. ಮೊಣಕಾಲು ಮಡಚಿದ್ದೇ ತಡ, “ಸ್ಸ್...” ಎಂದು ಉಸಿರೆಳೆದಳು. ತೊಳೆದ ಗಾಯದಲ್ಲಿ ಹೊಸ ಕೆಂಪು ಹನಿಗಳು ಮೂಡಿದವು.

ಕಡ್ಡಿಯ ಕೈ ಚಕ್ರದ ಮೇಲೆಯೇ ನಿಂತಿತು. ಅಕ್ಕ ಗೇಟು ದಾಟಿ ಬಂದಾಗಿನಿಂದ ತಾನು ಎಷ್ಟೊಂದು ಮಾತಾಡಿದ್ದಳು! ‘ತಪ್ಪಾಯ್ತು’ ಎನ್ನುವ ಒಂದು ಮಾತು ಮಾತ್ರ ಅದರಲ್ಲಿ ಇರಲಿಲ್ಲ. ಈಗಲೂ ಅದರ ಬದಲು ಬೇರೆಯದನ್ನೇ ಕೇಳಿದಳು.

“ಉರೀತಾ ಇದೆಯಾ?”

ಅಕ್ಕ ತಲೆ ಎತ್ತಲಿಲ್ಲ. “ಹೂಂ,” ಎಂದಳು. ಆಮೇಲೆ, ತೀರಾ ಸಣ್ಣ ದನಿಯಲ್ಲಿ, “ತುಂಬಾ.”

ಕಡ್ಡಿ ಬಟ್ಟೆ ಕೆಳಗಿಟ್ಟು ಸರಿದು ಬಂದಳು. ಮೊಣಕಾಲಿನ ಹತ್ತಿರ ಬಾಗಿ ಮೆಲ್ಲಗೆ ಊದತೊಡಗಿದಳು.

“ಉಗುಳು ಹಾರಿಸ್ಬೇಡ,” ಎಂದಳು ಅಕ್ಕ. ಆದರೆ ಕಾಲನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ.