ಅಪ್ಪನ ಕಂಟ್ರೋಲರ್‌ಗೆ ಹನ್ನೆರಡು ನಿಮಿಷ

"ಅಯ್ಯೋ! ಕತ್ತರಿಸಿಬಿಟ್ರಾ?!"

ಅವಳ ಕೂಗಿಗೆ ರಿಪೇರಿ ಅಂಗಡಿಯ ಗಾಜಿನ ಕಪಾಟು ನಡುಗದಿದ್ದದ್ದೇ ಹೆಚ್ಚು. ಮೇಜಿನ ಮೇಲೆ ಬಗ್ಗಿ ಕೂತಿದ್ದ ಯುವಕ ಬೆಚ್ಚಿ ತಲೆಯೆತ್ತಿದ. ಅವನ ಒಂದು ಕೈಯಲ್ಲಿ ಕತ್ತರಿ, ಇನ್ನೊಂದರಲ್ಲಿ ಅವಳ ಅಪ್ಪನ ಹಳೇ ಗೇಮ್ ಕಂಟ್ರೋಲರ್. ಅದರ ವೈರಿನ ತುದಿಯಲ್ಲಿದ್ದ ಅಗಲ ಪ್ಲಗ್ಗು ಮಾತ್ರ ಬೇರೆಯಾಗಿ ಮೇಜಿನ ಮೇಲೆ ಬಿದ್ದಿತ್ತು.

"ಮೇಡಂ, ಒಂದು ನಿಮಿಷ..."

"ಏನು ಒಂದು ನಿಮಿಷ? ಬೆಳಿಗ್ಗೆ ನಿಮ್ಮ ಅಮ್ಮನ ಕೈಗೆ ಕೊಟ್ಟು ಹೋದಾಗ ಚೆನ್ನಾಗೇ ಇತ್ತು! ಕಂಪ್ಯೂಟರಿಗೆ ಸೇರಿಸಿಕೊಡಿ ಅಂದ್ರೆ ಕತ್ತರಿಸೋದಾ?"

"ಕತ್ತರಿಸದೆ ಸೇರಿಸೋಕಾಗಲ್ಲ ಮೇಡಂ."

ಅಷ್ಟು ಶಾಂತವಾಗಿ ಹೇಳಿದನಲ್ಲ, ಅದಕ್ಕೇ ಅವಳ ಮೈ ಇನ್ನಷ್ಟು ಉರಿಯಿತು!

ಅವಳು ಸಿಟಿ ಬಸ್ಸಿನ ಡ್ರೈವರ್. ಅವಳ ರೂಟಿನ ಕೊನೇ ಸ್ಟಾಪು ಈ ಅಂಗಡಿಯ ಎದುರಿಗೇ. ಬಸ್ಸು ತಿರುಗಿಸಿ ನಿಲ್ಲಿಸಿದರೆ ಮುಂದಿನ ಟ್ರಿಪ್ಪಿಗೆ ಹನ್ನೆರಡು ನಿಮಿಷ. ಅಷ್ಟರಲ್ಲೇ ಟೀ, ಅಷ್ಟರಲ್ಲೇ ಫೋನು, ಇವತ್ತು ಅಷ್ಟರಲ್ಲೇ ಜಗಳ.

"ಈ ಪ್ಲಗ್ಗು ಕೂರೋ ಜಾಗ ಯಾವ ಕಂಪ್ಯೂಟರಲ್ಲೂ ಇಲ್ಲ," ಅವನು ಕತ್ತರಿ ಕೆಳಗಿಟ್ಟ. "ವೈರೊಳಗೆ ಐದು ಸಣ್ಣ ವೈರುಗಳಿವೆ. ಅವನ್ನ ಈ ಪುಟ್ಟ ಬೋರ್ಡಿಗೆ ಬೆಸುಗೆ ಹಾಕ್ತೀನಿ. ಬೋರ್ಡಿನ ಆ ಕಡೆ ಯುಎಸ್‌ಬಿ. ಕಂಟ್ರೋಲರ್ ಆಡೋ ಭಾಷೆನ ಬೋರ್ಡು ಕಂಪ್ಯೂಟರಿಗೆ ತಿಳಿಸಿ ಹೇಳುತ್ತೆ. ಆದ್ರೆ ಒಂದು ಕೇಳ್ಲಾ? ಹೊಸ ಕಂಟ್ರೋಲರ್ ತಗೊಂಡ್ರೆ ಇಷ್ಟೆಲ್ಲ ತಾಪತ್ರಯ ಇರಲ್ಲ. ಈ ಹಳೇದಕ್ಕೆ ಯಾಕಿಷ್ಟು ಜೀವ?"

ಅವಳ ಕೋಪವೆಲ್ಲ ಎಲ್ಲಿಗೆ ಹೋಯಿತೋ!

"ನಮ್ಮಪ್ಪಂದು," ಅವಳ ದನಿ ಇಳಿಯಿತು. "ಮೂವತ್ತು ವರ್ಷ ಬಸ್ಸು ಓಡಿಸಿದವರು. ಇದರ ಕಾರ್ ಗೇಮಲ್ಲೇ ನನಗೆ ಮೊದಲು ಸ್ಟೇರಿಂಗ್ ಹಿಡಿಯೋದು ಕಲಿಸಿದ್ರು. ನಾಲ್ಕು ತಿಂಗಳ ಹಿಂದೆ ಸ್ಟ್ರೋಕ್ ಆಯ್ತು... ಎಡಗೈ ಬಿದ್ದುಹೋಯ್ತು. ಹೆಬ್ಬೆರಳಿಗೆ ಈಗ ಕೆಲಸ ಕೊಡದಿದ್ರೆ ಆಮೇಲೆ ಕಷ್ಟ ಅಂತಾರೆ ಡಾಕ್ಟರು. ಅಪ್ಪ ಯಾರಿಗೂ ಆ ಕೈ ಮುಟ್ಟೋಕೇ ಬಿಡ್ತಿಲ್ಲ. ಹೊಸ ಕಂಟ್ರೋಲರ್ ತಂದುಕೊಟ್ಟೆ, ಎಸೆದುಬಿಟ್ರು. ಇದಾದ್ರೆ... ಅವರ ಕೈಗೆ ಗೊತ್ತಿದೆ."

ಅವನು ಕಂಟ್ರೋಲರನ್ನು ತಿರುಗಿಸಿ ನೋಡಿದ. ಎಡಗಡೆ, ಕಾರು ತಿರುಗಿಸುವ ಪುಟ್ಟ ಸ್ಟಿಕ್ಕಿನ ತಲೆ ಒಂದು ಹೆಬ್ಬೆರಳ ಅಳತೆಗೆ ಸರಿಯಾಗಿ ಸವೆದಿತ್ತು.

"ಕೂತ್ಕೊಳ್ಳಿ," ಎಂದ ಮೆಲ್ಲಗೆ. "ನಿಮಗೆ ಇನ್ನೆಷ್ಟು ನಿಮಿಷ ಇದೆ?"

"ಏಳು."

"ಸಾಕು!"

ಹೊಗೆಯೆದ್ದಿತು. ಕೆಂಪು, ಹಳದಿ, ನೀಲಿ... ಒಂದೊಂದೇ ವೈರು ಬೋರ್ಡಿಗೆ ಕೂತಿತು. ಅವನ ಬೆರಳ ತುಂಬ ಸುಟ್ಟ ಗುರುತುಗಳು. ಆ ಬೆರಳುಗಳು ಒಂಚೂರೂ ನಡುಗುವುದಿಲ್ಲವಲ್ಲ ಎಂದು ಅವಳು ನೋಡುತ್ತಲೇ ಇದ್ದಳು. ನೋಡುತ್ತಿದ್ದೇನೆ ಎಂದು ಗೊತ್ತಾದ ಕೂಡಲೇ ಗೋಡೆ ಗಡಿಯಾರದ ಕಡೆ ತಿರುಗಿದಳು. ಕಳ್ಳಿ!

ಅವನು ಯುಎಸ್‌ಬಿ ಚುಚ್ಚಿದ. ಕಂಪ್ಯೂಟರು 'ಟುಣ್' ಎಂದಿತು. ಪರದೆಯ ಮೇಲೆ, 'ಗುರುತಿಸಲಾಗದ ಸಾಧನ'.

"ಆಯ್ತಾ? ಹಾಳಾಯ್ತಾ?" ಅವಳು ಎದ್ದೇಬಿಟ್ಟಳು.

"ತಾಳಿ! ಗುರುತು ಪರಿಚಯ ಇಲ್ಲದವರು ಬಂದ್ರೆ ಯಾರಾದ್ರೂ ಹಾಗೇ ಅನ್ನೋದು," ಎಂದು ಅವನು ಏನೇನೋ ಒತ್ತಿದ. "ಹೂಂ... ಈಗ ಒಂದು ಬಟನ್ ಒತ್ತಿ."

ಅವಳು ಒತ್ತಿದಳು. ಪರದೆಯ ಮೇಲೆ ಒಂದು ಕೆಂಪು ಚುಕ್ಕೆ ಹೊತ್ತಿಕೊಂಡಿತು!

ಇನ್ನೊಂದು ಒತ್ತಿದಳು. ಇನ್ನೊಂದು ಚುಕ್ಕೆ! ಸ್ಟಿಕ್ಕು ವಾಲಿಸಿದಳು, ಪರದೆಯಲ್ಲಿ ಪುಟ್ಟ ಗೆರೆಯೊಂದು ಅವಳ ಜೊತೆಗೇ ವಾಲಿತು.

"ಬಂತು! ಬಂತು!" ಖಾಕಿ ಹಾಕಿಕೊಂಡವಳೆಂಬುದನ್ನೇ ಮರೆತು ಕುಣಿದುಬಿಟ್ಟಳು. ಹೊರಗೆ ಬಸ್ಸಿನಿಂದ ಯಾರೋ, "ಡ್ರೈವರಮ್ಮಾ, ಟೈಮಾಯ್ತು!" ಎಂದು ಕೂಗಿದರು.

ಬಾಗಿಲ ಬಳಿ ಹೋದವಳು ತಿರುಗಿ, "ರೀ ಕತ್ತರಿ! ಭಾನುವಾರ ಮನೆಗೆ ಬಂದು ಅಪ್ಪನ ಕಂಪ್ಯೂಟರಿಗೆ ಹಾಕಿಕೊಡ್ತೀರಾ?" ಎಂದಳು.

ಅವನು ನಕ್ಕ. ಆ ನಗು ಮುಂದಿನ ಇಪ್ಪತ್ತೆರಡು ಸ್ಟಾಪುಗಳವರೆಗೂ ಅವಳ ಜೊತೆ ಪ್ರಯಾಣ ಮಾಡಿತು.

ಭಾನುವಾರ ಬಂತು, ಕತ್ತರಿಯೂ ಬಂದ. ಅಪ್ಪ ಮಾತ್ರ ಬಗ್ಗಲಿಲ್ಲ.

"ನನ್ನ ಕೈ ಸತ್ತಿದೆ. ಸತ್ತಿದ್ದಕ್ಕೆ ಆಟ ಬೇರೆ ಕೇಡು!" ಎಂದು ಗೋಡೆ ಕಡೆ ಮುಖ ತಿರುಗಿಸಿ ಕೂತರು.

ಕತ್ತರಿ ಒತ್ತಾಯ ಮಾಡಲಿಲ್ಲ. ಅವರ ಪಕ್ಕದಲ್ಲೇ ಕೂತು ತಾನೇ ಗೇಮಿನ ಕಾರು ಓಡಿಸತೊಡಗಿದ. ಅಬ್ಬಾ, ಅದೆಂಥ ಓಡಿಸುವಿಕೆ! ಕಂಬಕ್ಕೆ ಗುದ್ದಿದ. ಗೋಡೆಗೆ ಉಜ್ಜಿದ. ನೀರಿಗೆ ಬೀಳಿಸಿದ.

ಅಪ್ಪನ ಕುತ್ತಿಗೆ ಮೆಲ್ಲಗೆ ತಿರುಗಿತು.

"ಬ್ರೇಕ್... ಬ್ರೇಕ್ ಹಿಡಿಯೋ! ತಿರುವು ಕಾಣಲ್ವಾ ನಿಂಗೆ?"

"ಎಲ್ಲಿದೆ ಸರ್ ತಿರುವು?" ಎನ್ನುತ್ತ ಅವನು ಮತ್ತೆ ಗುದ್ದಿದ.

"ಥೂ! ಯಾವನು ನಿಂಗೆ ಲೈಸೆನ್ಸ್ ಕೊಟ್ಟಿದ್ದು? ಕೊಡು ಇಲ್ಲಿ!"

ಅಪ್ಪ ಬಲಗೈಯಿಂದ ಕಸಿದುಕೊಂಡರು. ಎಡಗೈಯನ್ನು ಬಲಗೈಯಿಂದಲೇ ಎತ್ತಿ ಕಂಟ್ರೋಲರ್ ಮೇಲಿಟ್ಟುಕೊಂಡರು. ಹೆಬ್ಬೆರಳು ಸವೆದ ಜಾಗದಲ್ಲಿ ಹೋಗಿ ಕೂತಿತು. ಅವಳು ಉಸಿರು ಹಿಡಿದು ನಿಂತಳು.

ತಿರುವು ಬಂತು... ಹೆಬ್ಬೆರಳು ಎಳ್ಳಷ್ಟು ಅಲುಗಿತು. ಕಾರು ತಿರುಗಿತು!

"ಅಪ್ಪಾ!" ಅವಳು ಅಳುತ್ತಲೂ ನಗುತ್ತಲೂ ಅವರನ್ನು ತಬ್ಬಿಕೊಂಡಳು. ಅಪ್ಪನ ಭುಜದ ಆಚೆ ಕತ್ತರಿಯ ಕಣ್ಣುಗಳು ಅವಳನ್ನೇ ನೋಡುತ್ತಿದ್ದವು. ಅಂದೇ ಅವಳ ಮನಸ್ಸು ಅವನ ಪಾಲಾಯಿತು.

ಆಮೇಲೆ ಇನ್ನೂ ಐದು ಭಾನುವಾರ. ಅಪ್ಪ ಕ್ಷೌರ ಮಾಡಿಕೊಂಡು ಕಾಯತೊಡಗಿದರು. ವಾರದ ದಿನಗಳಲ್ಲಿ ಆ ಹನ್ನೆರಡು ನಿಮಿಷ ಪೂರ್ತಿ ಅಂಗಡಿಯದೇ ಆಯಿತು. ಕತ್ತರಿಯ ಅಮ್ಮ ಇಬ್ಬರಿಗೂ ಟೀ ತಂದಿಟ್ಟು, "ನಂಗೆ ಒಳಗೆ ಕೆಲಸ ಇದೆಯಪ್ಪಾ," ಎಂದು ಇಲ್ಲದ ಕೆಲಸಕ್ಕೆ ಒಳಗೆ ಹೋಗುತ್ತಿದ್ದರು. ಹೇಳಬೇಕಾದ ಮಾತು ಇಬ್ಬರ ನಾಲಿಗೆ ತುದಿಗೂ ಬಂದು ಬಂದು ವಾಪಸ್ಸು ಹೋಗುತ್ತಿತ್ತು.

ಇವತ್ತು ಹೇಳಿಯೇ ತೀರುತ್ತೇನೆ ಎಂದು ಅವಳು ನಿಶ್ಚಯಿಸಿದ್ದು ಏಳನೇ ಭಾನುವಾರ. ಎಡವಟ್ಟಾಗಿದ್ದೂ ಅವತ್ತೇ!

ಅಪ್ಪ ಸ್ನಾನಕ್ಕೆ ಹೋಗಿದ್ದರು. ಅವಳು ಆಟ ಶುರುಮಾಡಿಡೋಣವೆಂದು ಕಂಪ್ಯೂಟರ್ ಹಾಕಿದಳು. ಕೈ ತಪ್ಪಿ ಕಂಟ್ರೋಲರಿನ ಸೆಟ್ಟಿಂಗು ತೆರೆದುಕೊಂಡಿತು. ಒಂದರಿಂದ ಆರರವರೆಗೆ ನಂಬರು ಹಾಕಿದ ಸಾಲುಗಳು. ಮೊದಲನೆಯದನ್ನು ಒತ್ತಿದಳು.

'ಸ್ಟಿಕ್ ಸ್ವಲ್ಪ ತಾಗಿದರೆ: ಪೂರ್ತಿ ತಿರುವು. ನೆರವು: ಅತಿ ಹೆಚ್ಚು.'

ಅವಳ ಕಣ್ಣು ಅಲ್ಲೇ ನಿಂತಿತು. ಕೆಳಗಿನ ಐದು ಸಾಲುಗಳ ಕಡೆ ಹೋಗಲೇ ಇಲ್ಲ. ಹೋಗಿದ್ದರೆ ಈ ಕಥೆ ಇಲ್ಲಿಗೇ ಸುಖವಾಗಿ ಮುಗಿಯುತ್ತಿತ್ತು!

'ಹಾಗಾದರೆ... ತಿರುಗಿದ್ದು ಅಪ್ಪನ ಕೈಯಲ್ಲ. ಇಷ್ಟು ದಿನ ನಾವು ಕುಣಿದದ್ದೆಲ್ಲ ಸುಳ್ಳಿಗೆ!'

ಬಾಗಿಲು ಬಡಿದ ಸದ್ದಾಯಿತು. ಕತ್ತರಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ. ಅವನೂ ಇವತ್ತು ಹೇಳಬೇಕೆಂದೇ ಬಂದಿದ್ದ, ಪಾಪ.

"ಬೆರಳು ಸ್ವಲ್ಪ ತಾಗಿದ್ರೂ ಕಾರು ತಿರುಗೋ ಹಾಗೆ ಮಾಡಿದ್ರಾ? ಹೌದೋ ಅಲ್ವೋ?"

ಅವನ ಮುಖ ಸಪ್ಪಗಾಯಿತು. "ಹೌದು, ಮಾಡಿದ್ದೆ. ಆದ್ರೆ..."

"ಆದ್ರೆ ಗೀದ್ರೆ ಬೇಡ! ನಮ್ಮಪ್ಪನಿಗೆ ಮೋಸ ಮಾಡಿದ್ರಿ. ಕೈ ಸರಿಹೋಗ್ತಿದೆ ಅಂತ ನಂಬಿದ್ದಾರೆ ಅವರು! ನಾಳೆ ಸತ್ಯ ಗೊತ್ತಾದ್ರೆ ಮತ್ತೆ ಗೋಡೆ ಕಡೆ ತಿರುಗಿ ಕೂತ್ಬಿಡ್ತಾರೆ. ಆಗ ನಾನೇನು ಮಾಡ್ಲಿ? ಹೋಗಿ... ಇನ್ನು ಬರಬೇಡಿ."

ಅವನು ತಲೆತಗ್ಗಿಸಿ ಮೆಟ್ಟಿಲಿಳಿದು ಹೋದ.

ಅವಳು ಸಿಟ್ಟಿನಲ್ಲಿ ಆ ಸಾಲುಗಳನ್ನೆಲ್ಲ ಅಳಿಸಿಹಾಕಿದಳು. ಇನ್ನು ಬೆರಳು ಎಷ್ಟು ದೂಡುತ್ತದೋ ಕಾರು ಅಷ್ಟೇ ತಿರುಗುತ್ತದೆ. ಅಪ್ಪನಿಗೆ ಹೇಗೆ ಹೇಳಲಿ ಎಂದು ಅಳುತ್ತ ಕೂತಿರುವಾಗಲೇ ಅವರು ತಲೆ ಒರೆಸಿಕೊಳ್ಳುತ್ತ ಬಂದು, ಕಂಟ್ರೋಲರ್ ತೆಗೆದುಕೊಂಡು ಆಟ ಶುರುಮಾಡಿಬಿಟ್ಟರು.

"ಅಪ್ಪಾ, ಬೇಡ! ಆಡಬೇಡಿ..."

ಮೊದಲನೇ ತಿರುವು. ಅವಳು ಕಣ್ಣು ಮುಚ್ಚಿಕೊಂಡಳು.

ಗುದ್ದಿದ ಸದ್ದಿಲ್ಲ.

ಕಣ್ಣು ಬಿಟ್ಟಳು. ಎರಡನೇ ತಿರುವು, ಮೂರನೇದು... ಅಪ್ಪನ ಹೆಬ್ಬೆರಳು ಸ್ಟಿಕ್ಕನ್ನು ಈ ತುದಿಯಿಂದ ಆ ತುದಿಗೆ ದೂಡುತ್ತಿತ್ತು. ಪೂರ್ತಿ ದೂಡುತ್ತಿತ್ತು! ಕಾರು ಎಲ್ಲರಿಗಿಂತ ಮುಂದೆ ಗೆರೆ ದಾಟಿತು.

"ಅಪ್ಪಾ... ಇದಕ್ಕೆ ಈಗ ಯಾವ ನೆರವೂ ಇಲ್ಲ! ನಾನು ಎಲ್ಲ ತೆಗೆದುಹಾಕಿದೀನಿ!"

"ಕಳೆದ ವಾರವೂ ಇರಲಿಲ್ಲವಲ್ಲೇ," ಅಪ್ಪ ಆರಾಮವಾಗಿ ಹೇಳಿದರು. "ಆ ಹುಡುಗ ಬಂದಾಗೆಲ್ಲ ಒಂದೊಂದು ಚೂರು ಬಿಗಿ ಮಾಡ್ತಿದ್ದ. ಮೂವತ್ತು ವರ್ಷ ಸ್ಟೇರಿಂಗ್ ಹಿಡಿದ ಕೈ ಕಣೇ ಇದು, ನಂಗೆ ಗೊತ್ತಾಗಲ್ವಾ? ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಎಲ್ಲಿ ಅವನು, ಇನ್ನೂ ಬರಲಿಲ್ಲ?"

ಅವಳಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು.

ಎಷ್ಟು ಸಲ ಫೋನು ಮಾಡಿದರೂ ಅವನು ಎತ್ತಲಿಲ್ಲ. ಸೋಮವಾರ ರಸ್ತೆ ತುಂಬ ವಾಹನಗಳು. ಒಂದೊಂದು ಸಿಗ್ನಲ್ಲೂ ಅವಳ ಮೇಲೆ ಹಗೆ ಸಾಧಿಸಿತು! ಕೊನೇ ಸ್ಟಾಪು ಮುಟ್ಟುವ ಹೊತ್ತಿಗೆ ಹನ್ನೆರಡರಲ್ಲಿ ಉಳಿದದ್ದು ಮೂರೇ ನಿಮಿಷ. ಇಂಜಿನ್ ಆರಿಸಿ, ಬಾಗಿಲಿಂದ ನೆಗೆದು, ಓಡಿದಳು.

ಅವನು ಯಾವುದೋ ರೇಡಿಯೋ ಬಿಚ್ಚಿಕೊಂಡು ಕೂತಿದ್ದ. ಕಣ್ಣುಗಳು ನಿದ್ದೆಯಿಲ್ಲದೆ ಕೆಂಪಾಗಿದ್ದವು.

"ಅಪ್ಪ ಗೆದ್ದರು!" ಅವಳು ಏದುಸಿರಿನಲ್ಲೇ ಹೇಳಿದಳು. "ನಾನು ಎಲ್ಲ ಅಳಿಸಿಹಾಕಿದ ಮೇಲೂ ಗೆದ್ದರು! ನಂಬರ್ ಒಂದನ್ನ ಮಾತ್ರ ನೋಡಿ ನಿಮಗೆ ಬಾಯಿಗೆ ಬಂದ ಹಾಗೆ ಅಂದುಬಿಟ್ಟೆ. ತಪ್ಪಾಯ್ತು. ಆದ್ರೆ... ನನಗ್ಯಾಕೆ ಮೊದಲೇ ಹೇಳಲಿಲ್ಲ?"

ಅವನು ಎದ್ದು ನಿಂತ. "ಹೇಳಬೇಕಿತ್ತು, ನಂದೂ ತಪ್ಪೇ. ನೀವು ಕುಣಿಯೋದು ನೋಡೋಕೇ ನಿಮ್ಮಪ್ಪ ಬೆರಳು ಆಡಿಸ್ತಿದ್ರು. ನಿಮಗೆ ಗೊತ್ತಾಗಿದ್ರೆ ಆ ಕುಣಿತ ನಿಂತುಹೋಗ್ತಿತ್ತು ಅಂತ ಹೆದರಿದೆ."

ಅವಳು ಖಾಕಿ ತೋಳಿನಿಂದ ಕಣ್ಣೊರೆಸಿಕೊಂಡಳು.

"ಇನ್ನೊಂದು ಮುಚ್ಚಿಟ್ಟಿದೀನಿ," ಅವನ ದನಿ ನಡುಗಿತು. ಬೆಸುಗೆ ಹಾಕುವಾಗಲೂ ನಡುಗದವನು! "ಆ ಸೆಟ್ಟಿಂಗನ್ನ ಇಲ್ಲಿಂದಲೇ ಇಂಟರ್ನೆಟ್ಟಲ್ಲಿ ಬದಲಾಯಿಸಬಹುದಿತ್ತು. ಮನೆಗೆ ಬರೋ ಅಗತ್ಯವೇ ಇರಲಿಲ್ಲ."

"ಮತ್ತೆ... ಪ್ರತಿ ಭಾನುವಾರ?"

"ನಿಮ್ಮನ್ನ ನೋಡೋಕೆ ಬರ್ತಿದ್ದೆ. ನನಗೆ ನೀವು ಬೇಕು ಮೇಡಂ. ವಾರಕ್ಕೊಂದು ದಿನ ಸಾಲಲ್ಲ."

ಬಸ್ಸಿನ ಕಿಟಕಿಗಳ ತುಂಬ ತಲೆಗಳು! ಮುಂದಿನ ಸೀಟಿನ ಅಜ್ಜಿ ಕೂಗಿದರು, "ಹೂಂ ಅಂದ್ಬಿಡಮ್ಮಾ! ನಂಗೆ ಮನೆ ಸೇರ್ಬೇಕು!"

"ಹೂಂ!" ಎಂದಳು ಅವಳು. ಅಳುವೂ ನಗುವೂ ಒಟ್ಟಿಗೇ ಬಂತು. "ಹೂಂ, ಹೂಂ, ಹೂಂ! ಹತ್ತಿ ಬಸ್ಸು. ಆ ತುದಿ ಸ್ಟಾಪಲ್ಲೇ ಅಲ್ವಾ ನಮ್ಮನೆ, ಅಪ್ಪನ ಹತ್ರ ನೀವೇ ಕೇಳಿ."

"ಈಗಲೇನಾ? ಅಂಗಡಿ..."

ಅವನ ಅಮ್ಮ ಆಗಲೇ ದಡದಡನೆ ಷಟರ್ ಎಳೆಯುತ್ತಿದ್ದರು. "ಹೋಗೋ ದಡ್ಡ! ಸಂಜೆ ನಾನೂ ಬರ್ತೀನಿ ಅಂತ ಹೇಳು!"

ಬಸ್ಸು ಸರಿಯಾದ ಸಮಯಕ್ಕೆ ಹೊರಟಿತು. ಅಜ್ಜಿ ಜರುಗಿ ಮಾಡಿಕೊಟ್ಟ ಜಾಗದಲ್ಲಿ, ಡ್ರೈವರಿನ ಹಿಂದೆಯೇ ಅವನು ಕೂತ. ಕನ್ನಡಿಯಲ್ಲಿ ಇಬ್ಬರ ಕಣ್ಣುಗಳು ಕೂಡಿದವು.

"ಮೇಡಂ, ಸ್ವಲ್ಪ ನಿಧಾನ... ನಿಮ್ಮಪ್ಪನಿಗೆ ಏನು ಹೇಳ್ಬೇಕು ಅಂತ ಯೋಚಿಸ್ಕೋತೀನಿ."

"ಇನ್ನೂ ಮೇಡಂ ಅಂತೀಯಾ?"

ಅವಳು ಮೊದಲ ಸಲ ಏಕವಚನ ಆಡಿದ್ದಳು. ಅವನ ಕಿವಿಯವರೆಗೂ ಕೆಂಪೇರಿತು.

"ಮತ್ತೆ ಏನನ್ನಲಿ... ನಿನಗೆ?"

"ಇಪ್ಪತ್ತೆರಡು ಸ್ಟಾಪ್ ಇದೆ," ಅವಳು ಗೇರು ಬದಲಾಯಿಸಿದಳು. "ಅದನ್ನೂ ಯೋಚಿಸ್ಕೋ."